‘ಮನಿ ಫಾರ್ ಓಲ್ಡ್ ರೋಪ್’: ಹಳೇ ಹಗ್ಗಕ್ಕೆ ದುಡ್ಡು ಕೊಟ್ಟವರು ಯಾರು?

ಅರೆಬರೆ ಅನುವಾದಕ
ಎಲ್ಲರಿಗೂ ನಮಸ್ಕಾರ. ಒಂದು ಬ್ರಿಟಿಷ್ ಧಾರಾವಾಹಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅದರಲ್ಲಿ ಒಬ್ಬ ಪೇಂಟರ್ ಅರ್ಧ ಗಂಟೆಯಲ್ಲಿ ಒಂದು ಬಾಗಿಲಿಗೆ ಬಣ್ಣ ಬಳಿದು, ಕೈತುಂಬ ನೋಟು ಎಣಿಸಿಕೊಂಡು ಹೊರಗೆ ಬರುತ್ತಾನೆ. ಬಂದವನು ಗೆಳೆಯನಿಗೆ ಕಣ್ಣು ಹೊಡೆದು ‘ಮನಿ ಫಾರ್ ಓಲ್ಡ್ ರೋಪ್’ ಅನ್ನುತ್ತಾನೆ.

ನಾನು ‘ಹಳೇ ಹಗ್ಗದ ದುಡ್ಡು’ ಅಂತ ಬರೆದುಬಿಟ್ಟೆ. ನನ್ನ ಹೆಂಡತಿ ಓದಿ, ‘ಯಾಕ್ರೀ, ಈ ಪೇಂಟರ್‌ಗೆ ಹಗ್ಗದ ಅಂಗಡೀನೂ ಇದ್ಯಾ?’ ಅಂದಳು. ಅಲ್ಲಿಗೆ ಕೆಲಸ ನಿಂತಿದೆ.

ಸುಲಭದ ದುಡ್ಡು ಅನ್ನುವ ಅರ್ಥ ಅಂತ ಗೊತ್ತು. ಆದರೆ ಹಗ್ಗ ಯಾಕೆ? ಅದೂ ಹಳೇದು ಯಾಕೆ? ಕನ್ನಡದಲ್ಲಿ ಒಂದೇ ಸಾಲಿನಲ್ಲಿ, ಜಾಸ್ತಿ ಅಂದರೆ ನಾಲ್ಕು ಪದದಲ್ಲಿ, ಏನು ಹೇಳಬಹುದು?

ತರ್ಲೆ ತಮ್ಮಯ್ಯ
ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯ್ತು ನಿಮ್ಮ ಕಥೆ.

ಲೀಡ್ಸ್‌ನಲ್ಲೊಬ್ಬಳು
ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು, ಆಸ್ಪತ್ರೆಯಲ್ಲಿ ಕೆಲಸ. ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ, ಅದರಲ್ಲೂ ಸ್ವಲ್ಪ ವಯಸ್ಸಾದವರ ಬಾಯಲ್ಲಿ. ಒಂದು ದಿನದ ತರಬೇತಿ ಅಂತ ಕೂರಿಸಿ, ಬಿಸ್ಕತ್ತು ಕಾಫಿ ಕೊಟ್ಟು, ಪೂರ್ತಿ ದಿನದ ಸಂಬಳ ಕೊಡುತ್ತಾರಲ್ಲ, ಆಗ ಪಕ್ಕದಲ್ಲಿ ಕೂತವರು ಮೆಲ್ಲಗೆ ಅನ್ನುವ ಮಾತು ಇದು.

ಲಂಚದ ದುಡ್ಡಿಗೆ ಇದನ್ನು ಹೇಳುವುದಿಲ್ಲ. ಲಾಟರಿ ಹೊಡೆದರೂ ಹೇಳುವುದಿಲ್ಲ. ಕೆಲಸ ಅಂತ ಒಂದು ಇರಬೇಕು, ಅದು ಕೆಲಸವೇ ಅಲ್ಲ ಅನ್ನಿಸುವಷ್ಟು ಹಗುರ ಇರಬೇಕು, ದುಡ್ಡು ಮಾತ್ರ ಪೂರ್ತಿ ಬರಬೇಕು.

ಇನ್ನೊಂದು ವಿಷಯ, ಪೆಟ್ಟು ತಿಂದು ಕಲಿತದ್ದು. ನಮ್ಮ ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಒಮ್ಮೆ, ‘ಇವತ್ತು ಮಗು ಇಡೀ ಮಧ್ಯಾಹ್ನ ಮಲಗಿತ್ತಂತೆ, ಮನಿ ಫಾರ್ ಓಲ್ಡ್ ರೋಪ್ ಅಲ್ವಾ’ ಅಂದುಬಿಟ್ಟೆ. ತಮಾಷೆಗೆ ಅಂದದ್ದು. ಅವರ ಮುಖ ಕಪ್ಪಿಟ್ಟಿತು. ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ನಮ್ಮ ಕೆಲಸದ ಬಗ್ಗೆ ನಾವು ಹೇಳಿಕೊಂಡರೆ ತಮಾಷೆ. ಬೇರೆಯವರ ಕೆಲಸಕ್ಕೆ ಹೇಳಿದರೆ ‘ನೀನು ಮಾಡೋದೇನು ಮಹಾ’ ಅಂದ ಹಾಗೆ.

ಹಡಗುಹುಚ್ಚ
ನನಗೆ ಇಷ್ಟದ ವಿಷಯ! ಉದ್ದ ಆಗುತ್ತದೆ, ಬೈಯಬೇಡಿ.

ಹಾಯಿಹಡಗಿನ ಕಾಲದಲ್ಲಿ ಹಗ್ಗ ಅಂದರೆ ಸಣ್ಣ ವಸ್ತು ಅಲ್ಲ. ಪೋರ್ಟ್ಸ್‌ಮತ್‌ನಲ್ಲಿ ಇಂದಿಗೂ ಇರುವ ವಿಕ್ಟರಿ ಹಡಗಿಗೆ ಬೇಕಾಗಿದ್ದ ಹಗ್ಗ ಸುಮಾರು 26 ಮೈಲಿ ಅಂತ ಲೆಕ್ಕ. ಅಂದರೆ 40 ಕಿಲೋಮೀಟರಿಗೂ ಜಾಸ್ತಿ, ಒಂದೇ ಹಡಗಿಗೆ. ಚಾತಮ್‌ನ ನೌಕಾಕಟ್ಟೆಯಲ್ಲಿ ಹಗ್ಗ ಹೊಸೆಯುವ ಕಟ್ಟಡ ಕಾಲು ಕಿಲೋಮೀಟರಿಗಿಂತ ಉದ್ದ ಇದೆ, ಅಲ್ಲಿ ಈಗಲೂ ಹಗ್ಗ ಹೊಸೆಯುತ್ತಾರೆ.

ಬಿಸಿಲು, ಉಪ್ಪುನೀರು, ಉಜ್ಜಾಟ ಸೇರಿ ಹಗ್ಗ ಬೇಗ ಸವೆಯುತ್ತದೆ. ಸವೆದದ್ದನ್ನು ಎಸೆಯುತ್ತಿರಲಿಲ್ಲ. ತುಂಡು ಮಾಡಿ, ಎಳೆ ಎಳೆ ಬಿಡಿಸಿ, ಮತ್ತೆ ನಾರು ಮಾಡುತ್ತಿದ್ದರು. ಆ ನಾರಿಗೆ ‘ಓಕಮ್’ ಅಂತ ಹೆಸರು. ಮರದ ಹಡಗಿನ ಹಲಗೆಗಳ ಸಂದಿಗೆ ಈ ನಾರನ್ನು ಉಳಿ ಸುತ್ತಿಗೆಯಿಂದ ಗಿಡಿದು ತುಂಬಿ, ಮೇಲೆ ಕಾಯಿಸಿದ ಡಾಂಬರಿನಂಥ ಅಂಟು ಸುರಿಯುತ್ತಿದ್ದರು. ಆಗ ನೀರು ಒಳಗೆ ಬರುವುದಿಲ್ಲ.

ಹಾಗಾಗಿ ಹಳೇ ಹಗ್ಗಕ್ಕೆ ನಿಜವಾಗಿಯೂ ಬೆಲೆ ಇತ್ತು. ಬಂದರಿಗೆ ಬಂದ ಹಡಗಿನವರು ಸವೆದ ಹಗ್ಗ ಮಾರಿ ಸುಮ್ನೆ ಕಾಸು ಮಾಡಿಕೊಳ್ಳುತ್ತಿದ್ದರು. ಮಾತು ಅಲ್ಲಿಂದಲೇ ಬಂತು. ಮುಗಿಯಿತು ಕಥೆ.

ಗುಜರಿ ಗೋವಿಂದ
ಅಂದರೆ ನಮ್ಮ ಬೀದಿಯಲ್ಲಿ ‘ಹಳೇ ಪೇಪರ್, ಹಳೇ ಕಬ್ಬಿಣ’ ಅಂತ ಗಾಡಿ ತಳ್ಳಿಕೊಂಡು ಬರುತ್ತಾರಲ್ಲ, ಅದೇ ಲೆಕ್ಕ.

ಹಡಗುಹುಚ್ಚ
ಅದೇ! ನೀವು ಗುಜರಿ ಅಂದದ್ದಕ್ಕೆ ನೆನಪಾಯಿತು. ಇಂಗ್ಲಿಷಿನ ‘ಜಂಕ್’ ಅನ್ನುವ ಪದ ಇದೆಯಲ್ಲ, ಅದರ ಮೊದಲ ಅರ್ಥವೇ ಹಡಗಿನ ಹಳೇ ಹಗ್ಗ. ಆಮೇಲೆ ಹಡಗಿನ ಯಾವ ಹಳೇ ಸಾಮಾನಿಗಾದರೂ ಜಂಕ್ ಅನ್ನುವುದು ಶುರುವಾಯಿತು. ಕೊನೆಗೆ ಎಲ್ಲ ಗುಜರಿಗೂ ಅದೇ ಹೆಸರು ನಿಂತಿತು. ನಿಮ್ಮ ಜಂಕ್ ಫುಡ್ಡಿನ ಒಳಗೆ ಹಳೇ ಹಗ್ಗ ಇದೆ ಅಂತ ಮಕ್ಕಳಿಗೆ ಹೇಳಿ.

ತರ್ಲೆ ತಮ್ಮಯ್ಯ
ನೂಡಲ್ಸ್ ನೋಡಿದಾಗಲೇ ನನಗೆ ಅನುಮಾನ ಇತ್ತು.

ಮಾತಿನ ಮೂಲ
ಹಡಗುಹುಚ್ಚರೇ, ಹಗ್ಗದ ಇತಿಹಾಸ ಸರಿ ಇದೆ. ‘ಮುಗಿಯಿತು ಕಥೆ’ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಓಕಮ್ ಬಿಡಿಸುವುದು ಎಂಥ ಕೆಲಸ ಅಂತ ನೀವು ಹೇಳಲೇ ಇಲ್ಲ.

ಆ ಹಗ್ಗ ಡಾಂಬರು ಹೀರಿ ಹೀರಿ ಕಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಅದನ್ನು ಮೊದಲು ಬಡಿಯಬೇಕು, ಹುರಿ ಬಿಚ್ಚಬೇಕು, ತೊಡೆಯ ಮೇಲಿಟ್ಟು ಹೊಸೆದು ಸಡಿಲ ಮಾಡಬೇಕು, ಆಮೇಲೆ ಉಗುರಿನಿಂದ ಒಂದೊಂದೇ ನಾರು ಕೀಳಬೇಕು. ಬೆರಳ ತುದಿ ಒಡೆದು ರಕ್ತ ಬರುತ್ತದೆ. ಸ್ವಂತ ಇಷ್ಟದಿಂದ ಯಾರೂ ಇದನ್ನು ಮಾಡುತ್ತಿರಲಿಲ್ಲ. ಮಾಡಿಸುತ್ತಿದ್ದದ್ದು ಜೈಲಿನ ಕೈದಿಗಳಿಂದ ಮತ್ತು ವರ್ಕ್‌ಹೌಸ್‌ನ ಬಡವರಿಂದ.

ವರ್ಕ್‌ಹೌಸ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರ ಕಾನೂನನ್ನು ಬದಲಾಯಿಸಿದರು. ಗತಿಯಿಲ್ಲದವರಿಗೆ ಮನೆಗೆ ನೆರವು ಕೊಡುವುದು ಕಡಿಮೆ ಮಾಡಿ, ಬೇಕಿದ್ದರೆ ವರ್ಕ್‌ಹೌಸ್ ಒಳಗೆ ಬಂದು ದುಡಿದು ತಿನ್ನಿ ಅಂದರು. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕಷ್ಟ ಇರಬೇಕು ಅನ್ನುವುದು ಅವರ ಲೆಕ್ಕ. ಇಲ್ಲದಿದ್ದರೆ ಎಲ್ಲರೂ ಬಂದುಬಿಡುತ್ತಾರಲ್ಲ! ಹಾಗಾಗಿ ಬೇಜಾರಿನ, ನೋವಿನ ಕೆಲಸ ಹುಡುಕಿ ಕೊಡುತ್ತಿದ್ದರು. ಕಲ್ಲು ಒಡೆಯುವುದು ಒಂದು, ಓಕಮ್ ಇನ್ನೊಂದು. ಡಿಕನ್ಸ್‌ನ ಆಲಿವರ್ ಟ್ವಿಸ್ಟ್ ಅನ್ನುವ ಒಂಬತ್ತು ವರ್ಷದ ಹುಡುಗನಿಗೆ ವರ್ಕ್‌ಹೌಸ್‌ನವರು ವಹಿಸುವ ಕೆಲಸವೂ ಇದೇ. ಬೆಳಿಗ್ಗೆ ಆರಕ್ಕೇ ಶುರು.

ಆಸ್ಕರ್ ವೈಲ್ಡ್ 1895ರಲ್ಲಿ ಎರಡು ವರ್ಷದ ಶಿಕ್ಷೆಗೆ ಜೈಲಿಗೆ ಹೋದಾಗ ಅವನ ಕೈಗೂ ಡಾಂಬರು ಹಗ್ಗ ಬಂತು. ನಾಟಕ ಬರೆದ ಬೆರಳು ಅವು.

ಈಗ ಹೇಳಿ, ಇಂಥ ಕೆಲಸದಿಂದ ‘ಸುಲಭದ ದುಡ್ಡು’ ಅನ್ನುವ ಮಾತು ಹೇಗೆ ಹುಟ್ಟುತ್ತದೆ? ಮಾಡಿದವನಿಗೆ ಸಿಕ್ಕದ್ದು ಗಂಜಿ. ದುಡ್ಡು ಸಿಗಲೇ ಇಲ್ಲ.

ಹಡಗುಹುಚ್ಚ
ನಾನು ಹೇಳಿದ್ದು ಮಾರಿದವನ ಬಗ್ಗೆ. ಬಿಡಿಸಿದವನ ಬಗ್ಗೆ ಅಲ್ಲ. ಹಡಗಿನವನು ಗಂಟು ಕಟ್ಟಿ ಕೊಟ್ಟ, ಕಾಸು ತೆಗೆದುಕೊಂಡ. ಅವನಿಗೆ ಸುಲಭವೇ ಅಲ್ವಾ?

ಕೋರ್ಟು ಕಚೇರಿ
ಹಡಗೂ ಅಲ್ಲ ವರ್ಕ್‌ಹೌಸೂ ಅಲ್ಲ. ಇದು ನೇಣಿನ ಹಗ್ಗ. ಲಂಡನ್ನಿನಲ್ಲಿ ಗಲ್ಲಿಗೇರಿಸುವವನಿಗೆ ಸತ್ತವನ ಬಟ್ಟೆ ಸೇರುತ್ತಿತ್ತು. ಹಗ್ಗವನ್ನೂ ತುಂಡು ತುಂಡಾಗಿ ಜನರಿಗೆ ಮಾರುತ್ತಿದ್ದ. ನೇಣು ಹಗ್ಗ ಮುಟ್ಟಿದರೆ ಕಾಯಿಲೆ ವಾಸಿ ಅನ್ನುವ ನಂಬಿಕೆ ಇತ್ತು. ಕುಖ್ಯಾತ ಕೊಲೆಗಾರನ ಹಗ್ಗ ಆದರೆ ಬೆಲೆ ಇನ್ನೂ ಜಾಸ್ತಿ. ಒಮ್ಮೆ ಬಳಸಿದ ಹಗ್ಗಕ್ಕೆ ದುಡ್ಡು! ಇದಕ್ಕಿಂತ ಸರಿಯಾದ ವಿವರಣೆ ಬೇಕಾ?

ಮಾತಿನ ಮೂಲ
ಕಥೆ ಚೆನ್ನಾಗಿದೆ, ಗಲ್ಲಿಗೇರಿಸುವವರ ಮೇಲಾದಾಯದ ವಿಷಯವೂ ಸುಳ್ಳಲ್ಲ. 1829ರಿಂದ 1874ರವರೆಗೆ ಈ ಕೆಲಸ ಮಾಡಿದ ವಿಲಿಯಂ ಕಾಲ್‌ಕ್ರಾಫ್ಟ್‌ನ ಕಾಲದಲ್ಲೂ ಇದು ನಡೆಯುತ್ತಿತ್ತು.

ಆದರೆ ತೊಡಕು ಎಲ್ಲಿದೆ ಅಂದರೆ, ನಿಮ್ಮಿಬ್ಬರ ಕಥೆಯೂ 18, 19ನೇ ಶತಮಾನದ್ದು. ‘ಮನಿ ಫಾರ್ ಓಲ್ಡ್ ರೋಪ್’ ಅನ್ನುವ ಮಾತು ಅಚ್ಚಿನಲ್ಲಿ ನೆಲೆ ಕಾಣುವುದು 20ನೇ ಶತಮಾನದಲ್ಲಿ. ನಿಘಂಟಿನವರು ಹೆಕ್ಕಿ ಕೊಡುವ ಉದಾಹರಣೆಗಳು 1930ರ ದಶಕದವು. ಅಷ್ಟು ಹೊತ್ತಿಗೆ ಹಡಗುಗಳು ಕಬ್ಬಿಣ ದಾಟಿ ಉಕ್ಕಿಗೆ ಬಂದು ಎಷ್ಟೋ ಕಾಲ ಆಗಿತ್ತು. ಮರದ ಹಡಗೇ ಇಲ್ಲದ ಮೇಲೆ ಓಕಮ್ ಯಾರಿಗೆ ಬೇಕು? ಜನ ನೋಡಲೆಂದು ಸೇರುತ್ತಿದ್ದ ಬಹಿರಂಗ ಗಲ್ಲು ಬ್ರಿಟನ್ನಿನಲ್ಲಿ 1868ಕ್ಕೇ ನಿಂತಿತ್ತು.

ಹಡಗುಹುಚ್ಚ
ಬಾಯಿಮಾತು ಅಚ್ಚಿಗೆ ಬರಲು ಟೈಮ್ ಬೇಕು ಸ್ವಾಮಿ. ನಮ್ಮಜ್ಜಿ ಹೇಳುತ್ತಿದ್ದ ಅರ್ಧ ಗಾದೆಗಳು ಯಾವ ಪುಸ್ತಕದಲ್ಲೂ ಇಲ್ಲ. ಅಷ್ಟಕ್ಕೇ ಅವು ಹುಟ್ಟಿಲ್ಲ ಅಂತೀರಾ?

ಮಾತಿನ ಮೂಲ
ಒಪ್ಪಿದೆ. ಹತ್ತಿಪ್ಪತ್ತು ವರ್ಷದ ಅಂತರ ಸಹಜ. ನೂರು ವರ್ಷ ಅಂದರೆ ಅನುಮಾನ ಬರುತ್ತದೆ. ನಾವಿಕರ, ಕಳ್ಳರ, ಬೀದಿಯವರ ಆಡುಮಾತನ್ನು ಹುಡುಕಿ ಹುಡುಕಿ ಬರೆದಿಟ್ಟವರು ಇಂಗ್ಲೆಂಡಿನಲ್ಲಿ 18ನೇ ಶತಮಾನದಿಂದಲೇ ಇದ್ದಾರೆ. ಅಷ್ಟು ಜನರ ಕಣ್ಣು ತಪ್ಪಿಸಿ ಒಂದು ಒಳ್ಳೇ ಮಾತು ಬದುಕಿತ್ತು ಅನ್ನುವುದಕ್ಕೆ ಏನಾದರೂ ಕುರುಹು ಬೇಕಲ್ಲ.

ಇದರ ಅಣ್ಣನೊಬ್ಬ ಇದ್ದಾನೆ, ಅವನನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ‘ಮನಿ ಫಾರ್ ಜಾಮ್’. ಅರ್ಥ ಅದೇ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಬಾಯಲ್ಲಿ ಚೆನ್ನಾಗಿ ಓಡಾಡಿದ ಮಾತು. ಕಂದಕದಲ್ಲಿ ಕೂತವರಿಗೆ ಡಬ್ಬಿ ಡಬ್ಬಿ ಜಾಮ್ ಬರುತ್ತಿತ್ತು, ಅದೂ ಪ್ಲಮ್ ಮತ್ತು ಸೇಬು ಬೆರೆಸಿದ್ದು. ದಿನಾ ಅದೇ. ಜನ ರೋಸಿಹೋಗಿದ್ದರು. ಖಾಲಿ ಡಬ್ಬಿಗೆ ಮದ್ದು ತುಂಬಿ ಬಾಂಬ್ ಮಾಡಿ ಎಸೆದದ್ದೂ ಉಂಟು. ಎಲ್ಲೆಂದರಲ್ಲಿ ಬಿದ್ದಿರುವ ಜಾಮಿಗೆ ಯಾರಾದರೂ ದುಡ್ಡು ಕೊಟ್ಟರೆ ಬೇಡ ಅಂತೀರಾ?

‘ಹಳೇ ಹಗ್ಗ’ವೂ ಇದೇ ಅಚ್ಚಿನದು ಅಂತ ನನ್ನ ಅಭಿಪ್ರಾಯ. ಅಲ್ಲಿ ಹಗ್ಗ ಅಂದರೆ ‘ಯಾವುದಕ್ಕೂ ಬಾರದ್ದು’ ಅಷ್ಟೇ. ಬೆಲೆಯಿಲ್ಲದ್ದನ್ನು ಕೊಟ್ಟು ಬೆಲೆ ಪಡೆಯುವುದು. ಅದರ ಹಿಂದೆ ಒಂದು ನಿರ್ದಿಷ್ಟ ವ್ಯಾಪಾರ ಇರಲೇಬೇಕು ಅಂತ ಇಲ್ಲ. ನಿಜ ಹೇಳಬೇಕೆಂದರೆ, ಹಡಗುಹುಚ್ಚರ ಕಥೆ ಆ ಮಾತಿನ ಅರ್ಥಕ್ಕೇ ಎದುರು ನಿಲ್ಲುತ್ತದೆ. ಹಳೇ ಹಗ್ಗಕ್ಕೆ ಅಷ್ಟು ಬೆಲೆ ಇದ್ದಿದ್ದರೆ ಅದಕ್ಕೆ ದುಡ್ಡು ಸಿಗುವುದರಲ್ಲಿ ವಿಶೇಷ ಏನು? ಹಗ್ಗಕ್ಕೆ ಬೆಲೆ ಹೋದ ಮೇಲೇ ಈ ಮಾತಿಗೆ ರುಚಿ ಬರುವುದು.

ಹಡಗುಹುಚ್ಚ
…ಇದು ನನಗೆ ಹೊಳೆದಿರಲಿಲ್ಲ. ಯೋಚನೆ ಮಾಡ್ತೀನಿ.

ಕೋರ್ಟು ಕಚೇರಿ
ನಾನು ಯೋಚನೆ ಮಾಡಲ್ಲ. ನೇಣಿನ ಹಗ್ಗವೇ.

ನಿವೃತ್ತ ನೀರಿನವ
ನಡುವೆ ಬಾಯಿ ಹಾಕುತ್ತಿದ್ದೇನೆ. ಮೂವತ್ತು ವರ್ಷ ಕುಡಿಯುವ ನೀರಿನ ಪೈಪ್ ಹಾಕಿಸಿದವನು ನಾನು. ‘ಓಕಮ್ ಯಾರಿಗೆ ಬೇಕು’ ಅಂದಿರಲ್ಲ, ನಮಗೆ ಬೇಕಿತ್ತು!

ಹಳೇ ಎರಕದ ಕಬ್ಬಿಣದ ಪೈಪುಗಳನ್ನು ಸೇರಿಸುವಾಗ, ಒಂದರ ಅಗಲ ಬಾಯಿಗೆ ಇನ್ನೊಂದರ ತುದಿ ತೂರಿಸಿ, ಸುತ್ತಲಿನ ಸಂದಿಗೆ ಮೊದಲು ನಾರಿನ ಹುರಿ ಗಿಡಿಯುತ್ತಿದ್ದೆವು. ನಾವು ಅದಕ್ಕೆ ‘ಸ್ಪನ್ ಯಾರ್ನ್’ ಅನ್ನುತ್ತಿದ್ದೆವು. ಅದರ ಮೇಲೆ ಕರಗಿಸಿದ ಸೀಸ ಹೊಯ್ದು, ಆರಿದ ಮೇಲೆ ಉಳಿಯಿಂದ ಬಡಿದು ಕೂರಿಸಬೇಕು. ಹಡಗಿನ ಹಲಗೆಗೆ ಮಾಡುತ್ತಿದ್ದ ಕೆಲಸವೇ, ಸಾಮಾನು ಬೇರೆ. ಆಮೇಲೆ ರಬ್ಬರ್ ರಿಂಗ್ ಬಂತು, ಈ ಕಲೆ ಗೊತ್ತಿದ್ದ ಫಿಟ್ಟರ್‌ಗಳೂ ನಿವೃತ್ತರಾದರು.

ಸೀಸ ಹೊಯ್ಯುವಾಗ ಸಂದಿಯಲ್ಲಿ ಒಂದು ಹನಿ ನೀರು ಇದ್ದರೂ ಸಿಡಿದು ಮುಖಕ್ಕೆ ಹಾರುತ್ತದೆ. ನಮ್ಮ ಒಬ್ಬ ಫಿಟ್ಟರ್‌ನ ಕೆನ್ನೆಯ ಮೇಲೆ ಆ ಗುರುತು ಕೊನೆಯವರೆಗೂ ಇತ್ತು. ಹಗ್ಗದ ಕೆಲಸದಲ್ಲಿ ಸುಲಭದ ದುಡ್ಡು ನಾನಂತೂ ನೋಡಲಿಲ್ಲ.

ಅರೆಬರೆ ಅನುವಾದಕ
ಅಬ್ಬಾ! ಬಾಗಿಲಿಗೆ ಬಣ್ಣ ಬಳಿದವನಿಂದ ಎಲ್ಲೆಲ್ಲಿಗೋ ಬಂದೆವು. ಎಲ್ಲರಿಗೂ ಧನ್ಯವಾದ. ಈಗ ಕನ್ನಡ ಪದ ಕೊಡಿ, ನಾಳಿದ್ದು ಕೆಲಸ ಒಪ್ಪಿಸಬೇಕು.

ಗುಜರಿ ಗೋವಿಂದ
ಬಿಟ್ಟಿ ದುಡ್ಡು. ಎರಡೇ ಪದ.

ಲೀಡ್ಸ್‌ನಲ್ಲೊಬ್ಬಳು
ಬಿಟ್ಟಿ ಅಂದರೆ ಏನೂ ಮಾಡದೆ ಬಂದದ್ದು ಅಂತಾಗುತ್ತದೆ. ಪೇಂಟರ್ ಒಂದು ಬಾಗಿಲಿಗಾದರೂ ಬಣ್ಣ ಬಳಿದಿದ್ದಾನೆ ಪಾಪ.

ಶಾಸನ ಓದುವವಳು
‘ಬಿಟ್ಟಿ’ ಬಂದದ್ದು ಒಳ್ಳೇದಾಯಿತು. ಈ ಪದವೂ ಒಂದು ಹಳೇ ಹಗ್ಗವೇ.

ಇದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ತದ್ಭವ. ವಿಷ್ಟಿ ಅಂದರೆ ಕೂಲಿ ಇಲ್ಲದ ಬಲವಂತದ ದುಡಿಮೆ. ನಮ್ಮ ಶಾಸನಗಳಲ್ಲಿ ತೆರಿಗೆಗಳ ಪಟ್ಟಿಯ ಜೊತೆ ಬಿಟ್ಟಿಯೂ ಬರುತ್ತದೆ. ಊರನ್ನು ದಾನ ಕೊಡುವಾಗ ಅಲ್ಲಿನವರಿಗೆ ಬಿಟ್ಟಿಯಿಂದ ವಿನಾಯಿತಿ ಕೊಟ್ಟದ್ದನ್ನೂ ಬರೆಸುತ್ತಿದ್ದರು. ಈಗಲೂ ‘ಬಿಟ್ಟಿ ಚಾಕರಿ’ ಅನ್ನುವಾಗ ಆ ಹಳೇ ಅರ್ಥವೇ ಇದೆ. ದುಡಿದವನಿಗೆ ಏನೂ ಇಲ್ಲ.

‘ಬಿಟ್ಟಿ ಊಟ’ ಅನ್ನುವಾಗ ಮಾತ್ರ ಅರ್ಥ ತಿರುಗಿದೆ. ಇಲ್ಲಿ ಕೊಡದೆ ಪಡೆಯುವವನು ಉಣ್ಣುವವನು. ಅಂದರೆ ಮಾಡಿದವನ ಕಡೆಯಿಂದ ನೋಡಿದರೆ ಪುಕ್ಕಟೆ ದುಡಿತ, ಮಾಡಿಸಿಕೊಂಡವನ ಕಡೆಯಿಂದ ನೋಡಿದರೆ ಪುಕ್ಕಟೆ ಲಾಭ. ಒಂದೇ ಪದ ಎರಡೂ ಕಡೆ ನಿಂತಿದೆ. ಓಕಮ್ ಬಿಡಿಸಿದ ಬಡವ ಮತ್ತು ಅದನ್ನು ಮಾರಿದ ವರ್ಕ್‌ಹೌಸ್, ಇಬ್ಬರಿಗೂ ನಾವು ‘ಬಿಟ್ಟಿ’ ಅಂತಲೇ ಹೇಳಬಹುದು.

ಮಾತಿನ ಮೂಲ ಅವರು ಹೇಳಿದ್ದನ್ನು ನಾನು ಒಪ್ಪುತ್ತೇನೆ, ಇಂಗ್ಲಿಷ್ ಮಾತು ವರ್ಕ್‌ಹೌಸಿನಿಂದ ಹುಟ್ಟಿರಲಿಕ್ಕಿಲ್ಲ. ಆದರೆ ಜನ ಯಾಕೆ ಆ ಕಥೆಯನ್ನು ಬಿಡುವುದಿಲ್ಲ ಅನ್ನುವುದೂ ನನಗೆ ಅರ್ಥವಾಗುತ್ತದೆ. ಆ ಬೆರಳುಗಳನ್ನು ಎಲ್ಲಾದರೂ ನೆನೆಯಬೇಕಲ್ಲ.

ಮಾತಿನ ಮೂಲ
ಮೇಡಂ, ಇದು ಚೆನ್ನಾಗಿದೆ. ನಿಮ್ಮ ಕಡೆಯ ಸಾಲಿಗೆ ನನ್ನ ಬಳಿ ಉತ್ತರ ಇಲ್ಲ.

ಧಾರವಾಡದಾಂವ
‘ಕಬ್ಬು ತಿನ್ನಾಕ ಕೂಲಿ’ ಅನ್ನೋದು ಯಾರಿಗೂ ನೆನಪಾಗಲಿಲ್ಲೇನ್ರಿ? ಕಬ್ಬು ತಿನ್ನೋದೇ ಖುಷಿ, ಅದಕ್ಕ ಮ್ಯಾಲೆ ಕೂಲಿ ಬ್ಯಾರೆ. ಇದಕ್ಕಿಂತ ಛಲೋ ಗಾದಿ ಸಿಗೂದಿಲ್ಲ.

ಲೀಡ್ಸ್‌ನಲ್ಲೊಬ್ಬಳು
ಹತ್ತಿರ ಬಂತು! ಸಣ್ಣ ವ್ಯತ್ಯಾಸ ಒಂದಿದೆ. ಕಬ್ಬಿನ ಮಾತಿನಲ್ಲಿ ಕೆಲಸ ಸಿಹಿ ಇರಬೇಕು. ಹಗ್ಗದ ಮಾತಿನಲ್ಲಿ ಸಿಹಿ ಬೇಕಿಲ್ಲ, ಸಲೀಸು ಇದ್ದರೆ ಸಾಕು. ನನ್ನ ತರಬೇತಿ ದಿನ ಎಷ್ಟು ಬೋರು ಅಂತ ಕೇಳಬೇಡಿ, ಆದರೂ ಅದು ಹಳೇ ಹಗ್ಗವೇ.

ಧಾರವಾಡದಾಂವ
ಪೇಂಟರ್ ಕಣ್ಣು ಹೊಡದಾನ ಅಂದ್ರ ಖುಷಿ ಆಗೇತಿ ಅಂತನಽ ಅರ್ಥ. ನಡೀತದ ಬಿಡ್ರಿ.

ತರ್ಲೆ ತಮ್ಮಯ್ಯ
‘ನೋಟು ಅಚ್ಚು ಹಾಕೋ ಲೈಸೆನ್ಸ್’ ಅಂತ ಹಾಕಿ.

ಮಾತಿನ ಮೂಲ
ಅದು ಬೇರೆ ಮಾತು. ಕೆನಡಾದ ಪತ್ರಿಕಾ ಉದ್ಯಮಿ ರಾಯ್ ಥಾಮ್ಸನ್ ಹೇಳಿದ್ದು. 1957ರಲ್ಲಿ ಅವನ ಸ್ಕಾಟಿಷ್ ಟೆಲಿವಿಷನ್ ಶುರುವಾಯಿತು. ಜಾಹೀರಾತಿನ ದುಡ್ಡು ಹರಿದು ಬಂದದ್ದನ್ನು ನೋಡಿ, ಟಿವಿ ಪರವಾನಗಿ ಅಂದರೆ ಸ್ವಂತ ನೋಟು ಅಚ್ಚು ಹಾಕಿಕೊಳ್ಳುವ ಪರವಾನಗಿ ಇದ್ದ ಹಾಗೆ ಅಂದ. ಅದು ದೊಡ್ಡ ಸಾಹುಕಾರರ ಮಾತು. ಹಗ್ಗದ್ದು ಪೇಂಟರ್‌ಗಳ ಮಾತು.

ತರ್ಲೆ ತಮ್ಮಯ್ಯ
ಮೈಸೂರಿನಲ್ಲಿ ನಮ್ಮ ಭಾವ ನಿಜವಾಗಿಯೂ ನೋಟು ಅಚ್ಚು ಹಾಕುವ ಕಡೆ ಕೆಲಸ ಮಾಡ್ತಾರೆ. ಅವರಿಗೆ ಸಿಗೋದು ಸಂಬಳ ಅಷ್ಟೇ ಅಂತೆ.

ಗುಜರಿ ಗೋವಿಂದ
‘ಕೂತಲ್ಲೇ ಕಾಸು’?

ನಿವೃತ್ತ ನೀರಿನವ
ಬಾಗಿಲಿಗೆ ಬಣ್ಣ ಕೂತು ಬಳಿಯೋಕೆ ಆಗುತ್ತಾ? ಕೆಳಗಿನ ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ನಿಂತೇ ಬಳಿಯಬೇಕು.

ಹಡಗುಹುಚ್ಚ
ಯೋಚನೆ ಮಾಡಿದೆ. ಹುಟ್ಟಿನ ವಿಷಯದಲ್ಲಿ ಸೋತೆ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಹಡಗಿನ ಮಾನ ಉಳಿಸಲು ಒಂದು ಸುಲಭದ ದುಡ್ಡಿನ ಮಾತು ಕೊಟ್ಟು ಹೋಗುತ್ತೇನೆ, ಇದರ ಹುಟ್ಟು ಹಡಗೇ: ‘ಸ್ಲಷ್ ಫಂಡ್’. ಹಡಗಿನ ಅಡುಗೆಯವನು ಉಪ್ಪು ಹಾಕಿದ ಮಾಂಸ ಬೇಯಿಸಿದಾಗ ಮೇಲೆ ಜಿಡ್ಡು ತೇಲುತ್ತದೆ. ಅದೇ ಸ್ಲಷ್. ಅದನ್ನು ಬಾಚಿ ಪೀಪಾಯಿಗೆ ತುಂಬಿಟ್ಟು, ಬಂದರಿನಲ್ಲಿ ಮೇಣದಬತ್ತಿ ಮಾಡುವವರಿಗೆ ಮಾರುತ್ತಿದ್ದರು. ಆ ದುಡ್ಡಿನಲ್ಲಿ ಹಡಗಿನವರಿಗೆ ಬೇಕಾದ ಸಣ್ಣಪುಟ್ಟ ಸಾಮಾನು ತರುತ್ತಿದ್ದರು. ಆಮೇಲೆ ನೆಲದ ಮೇಲಿನ ರಾಜಕೀಯದವರು ಆ ಹೆಸರನ್ನು ಎತ್ತಿಕೊಂಡು ಗುಟ್ಟಿನ ದುಡ್ಡಿಗೆ ಇಟ್ಟರು. ಜಿಡ್ಡು ಮಾತ್ರ ಹಾಗೇ ಉಳಿಯಿತು.

ಇನ್ನೊಂದು. ಹಳೇ ಹಗ್ಗಕ್ಕೆ ಇನ್ನೂ ಒಂದು ಗತಿ ಇತ್ತು: ಕಾಗದ. ಫಿಲಿಪೀನ್ಸ್‌ನಲ್ಲಿ ಬಾಳೆಯ ಜಾತಿಯ ಅಬಾಕಾ ಅನ್ನುವ ಗಿಡ ಇದೆ. ಅದರ ನಾರಿನ ಹಗ್ಗಕ್ಕೆ ಮನಿಲಾ ಹಗ್ಗ ಅಂತ ಹೆಸರು. ಹಡಗಿನಲ್ಲಿ ಸವೆದ ಆ ಹಗ್ಗವನ್ನು 19ನೇ ಶತಮಾನದಲ್ಲಿ ಅಮೆರಿಕದ ಕಾಗದ ಗಿರಣಿಗಳು ಕೊಂಡು ಅರೆದು ಗಟ್ಟಿ ಕಂದು ಕಾಗದ ಮಾಡಿದವು. ಮನಿಲಾ ಕವರ್ ಅನ್ನುವ ಹೆಸರು ಅಲ್ಲಿಂದ ಬಂದದ್ದು. ಈಗ ಅದರಲ್ಲಿ ಹಗ್ಗ ಇರುವುದಿಲ್ಲ.

ಕೋರ್ಟು ಕಚೇರಿ
ನಮ್ಮ ಆಫೀಸಿನಲ್ಲಿ ಆ ಕವರ್ ರಾಶಿ ಬಿದ್ದಿದೆ. ನೇಣಿನ ಹಗ್ಗದ ಬಗ್ಗೆ ನನ್ನ ನಿಲುವು ಬದಲಾಗಿಲ್ಲ.

ಅರೆಬರೆ ಅನುವಾದಕ
ಒಪ್ಪಿಸಿ ಬಂದೆ. ಏನು ಬರೆದೆ ಅಂತ ಕೇಳುತ್ತೀರಿ, ಅದಕ್ಕೇ ಹೇಳುತ್ತಿದ್ದೇನೆ.

‘ಕಬ್ಬು ತಿನ್ನೋಕೆ ಕೂಲಿ’ ಅಂತ ಬರೆದು ಹೆಂಡತಿಗೆ ತೋರಿಸಿದೆ. ‘ಈಗ ಪೇಂಟರ್ ಕಬ್ಬಿನ ಗದ್ದೆಗೆ ಹೋದ್ನಾ?’ ಅಂದಳು. ಲೀಡ್ಸ್ ಅಕ್ಕ ಹೇಳಿದ್ದು ಸರಿ, ಅಲ್ಲಿ ಬೇಕಾದದ್ದು ಸಲೀಸು. ಅವನು ಕಣ್ಣು ಹೊಡೆಯುವುದು ಪರದೆಯ ಮೇಲೆ ಕಾಣುತ್ತದೆ, ಖುಷಿಯನ್ನು ನಾನು ಬರೆಯಬೇಕಿಲ್ಲ. ಕೊನೆಗೆ ಹಗ್ಗವನ್ನೂ ಕಬ್ಬನ್ನೂ ಬಿಟ್ಟು, ‘ಬ್ರಶ್ ಆಡಿಸಿದ್ದಕ್ಕೆ ಇಷ್ಟು ದುಡ್ಡು!’ ಅಂತ ಬರೆದೆ. ನಾಲ್ಕೇ ಪದ. ಹೆಂಡತಿ ನಕ್ಕಳು, ನಾನು ಕಳಿಸಿದೆ.

ಮುಂದಿನ ಕಂತಿನಲ್ಲಿ ಅದೇ ಪೇಂಟರ್ ಯಾರಿಗೋ ದಾರಿ ಹೇಳಿ ‘ಬಾಬ್ಸ್ ಯುವರ್ ಅಂಕಲ್’ ಅನ್ನುತ್ತಾನೆ. ಅವನ ಮಾವ ಯಾರು ಅಂತ ಬೇರೆ ಎಳೆ ತೆರೆಯುತ್ತೇನೆ, ಅಲ್ಲಿ ಬನ್ನಿ.

ತರ್ಲೆ ತಮ್ಮಯ್ಯ
ಸಬ್‌ಟೈಟಲ್‌ಗೆ ಪದಕ್ಕೆ ಎಷ್ಟು ಕೊಡ್ತಾರೆ ಸರ್? ಕೆಲಸ ಎಲ್ಲಾ ನಾವೇ ಮಾಡಿದ್ದು.